ಹೆಸರಿಗೆ ಮುಂಚಿನ ಒಂಬತ್ತು ಸೆಕೆಂಡು

"ನಿನ್ನೆ ಏನು ಸಾರು?"

ಫೋನೆತ್ತಿದವರು ಹಲೋ ಅನ್ನುವುದನ್ನು ಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು. ಎತ್ತಿದ ಕೂಡಲೇ ಎಲ್ಲರೂ ಕೇಳುತ್ತಿದ್ದುದು ಇದನ್ನೇ. ಮಗಳು ಅಮ್ಮನನ್ನು ಕೇಳುತ್ತಿದ್ದಳು, ಗಂಡ ಹೆಂಡತಿಯನ್ನು ಕೇಳುತ್ತಿದ್ದ. ಮೂರೇ ಸೆಕೆಂಡಿನ ಮಾತು ಸಿಕ್ಕರೆ ಸಾಕು, ಯಾರ ಧ್ವನಿಯನ್ನಾದರೂ ಅಚ್ಚು ಹೊಯ್ದು ಅದರಲ್ಲಿ ಅಳಿಸಿ, ನಗಿಸಿ, ಬೇಡಿಸುವ ಯಂತ್ರಗಳು ಟೊಮೆಟೊಗಿಂತ ಅಗ್ಗವಾಗಿದ್ದವು. ಮನೆಯವರಿಗೆ ಮಾತ್ರ ಗೊತ್ತಿರುವ ಗುಟ್ಟು ಎಂದರೆ ನಿನ್ನೆಯ ಸಾರು ಒಂದೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಸಾರು ಹೇಳಲಾಗದ ಮಗ ಆಸ್ಪತ್ರೆಯಿಂದ ಎಷ್ಟೇ ಗೋಳಾಡಿದರೂ ಹೆತ್ತವಳು ಫೋನಿಡುತ್ತಿದ್ದಳು. ಹೋಟೆಲಿನಲ್ಲಿ ಉಣ್ಣುವವರ ಪಾಡು ದೇವರಿಗೇ ಪ್ರೀತಿ.

ಸರ್ಕಾರ ಸಾರು ಕೇಳುವ ಹಾಗಿರಲಿಲ್ಲ. ಅದಕ್ಕೇ 'ಧ್ವನಿ ಹಾಜರಿ' ಬಂತು. ನಿವೃತ್ತರು, ಆಸ್ಪತ್ರೆ ಕಾರ್ಡಿನವರು, ರೇಷನ್ನಿನವರು ಎಲ್ಲರೂ ತಿಂಗಳಿಗೊಮ್ಮೆ ಒಂದು ನಂಬರಿಗೆ ಫೋನು ಮಾಡಿ, "ನಾನು ಇಂಥವನು, ಇಂಥ ಊರಿನವನು, ಇವತ್ತು ಬದುಕಿದ್ದೇನೆ" ಎಂಬ ವಾಕ್ಯವನ್ನು ಏಳು ಸೆಕೆಂಡಿನೊಳಗೆ ಹೇಳಿ ಮುಗಿಸಬೇಕು. ನಾಲ್ಕು ಸಲ ತಪ್ಪಿದರೆ ಹೆಸರು ಅನುಮಾನದ ಪಟ್ಟಿಗೆ. ಆ ಪಟ್ಟಿಗೆ ಸೇರಿದವರು ಪ್ರತಿ ತಿಂಗಳೂ ಬೆಂಗಳೂರಿಗೆ ಹೋಗಿ, ಮೂರು ಕೌಂಟರು ಹತ್ತಿಳಿದು, ಮೈಕೈ ತೋರಿಸಿ ತಾವು ತಾವೇ ಎಂದು ಒಪ್ಪಿಸಿ ಬರಬೇಕು.

ಚಿತ್ರದುರ್ಗದ ಹೊರವಲಯದ ಒಂದು ಎಂಜಿನಿಯರಿಂಗ್ ಕಾಲೇಜಿನ ಹದಿನಾಲ್ಕನೇ ನಂಬರ್ ಕೋಣೆಯಲ್ಲಿ, ಜನವರಿಯ ಒಂದು ಮಧ್ಯಾಹ್ನ, ಅಬ್ದುಲ್ ಖಾದರ್ ಆ ನಂಬರಿಗೆ ಮೂರನೇ ಸಲ ಫೋನು ಮಾಡಿದರು. ಖಾದರ್ ಆ ಲ್ಯಾಬಿನ ಮೆಕ್ಯಾನಿಕ್. ಜೂನ್ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಹಾಜರಿ ನೋಂದಣಿ ಆಗಿರಬೇಕು. ಪಕ್ಕದ ಸ್ಟೂಲಿನ ಮೇಲೆ ಅದೇ ಲ್ಯಾಬಿನ ಮೇಷ್ಟರು ಡಾಕ್ಟರ್ ತಿಪ್ಪೇರುದ್ರಪ್ಪ ಕೂತಿದ್ದರು.

"ಬೀಪ್ ಶಬ್ದದ ನಂತರ ಮಾತನಾಡಿ," ಎಂದಿತು ಯಂತ್ರ.

ಖಾದರ್ ಬಾಯಿ ತೆರೆದರು. "ನಾನು..."

ಅಲ್ಲಿಗೆ ನಿಂತಿತು. ಅವರಿಗೆ ಊರಿನವರ ಹೆಸರೆಲ್ಲ ಸಲೀಸು. ಬೈಗುಳ ಸಲೀಸು, ನಾಲ್ಕು ಭಾಷೆಯ ತಮಾಷೆ ಸಲೀಸು. ತಮ್ಮ ಹೆಸರೊಂದು ಮಾತ್ರ ಗಂಟಲಿನ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಂತುಬಿಡುತ್ತಿತ್ತು. ಶಾಲೆಯ ಹಾಜರಿಯಿಂದ ಶುರುವಾದದ್ದು, ಮದುವೆಯ ದಿನ ಕಾಜಿಗಳ ಮುಂದೆಯೂ ಬಿಟ್ಟಿರಲಿಲ್ಲ. ಒಂಬತ್ತು ಸೆಕೆಂಡು ಬೇಕು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಕ್ಷಮಿಸಿ. ನೀವು ಮನುಷ್ಯರೆಂದು ಖಚಿತವಾಗಿಲ್ಲ. ಧನ್ಯವಾದಗಳು."

ಖಾದರ್ ಫೋನನ್ನು ಬೆಂಚಿನ ಮೇಲಿಟ್ಟರು. "ಮೂವತ್ತೊಂದು ವರ್ಷದಿಂದ ಈ ಕಾಲೇಜಿನವ್ರೂ ಇದನ್ನೇ ಹೇಳ್ತಾ ಬಂದಿದಾರೆ ಸಾರ್. ಆದ್ರೆ ಇಷ್ಟು ಮರ್ಯಾದೆಯಾಗಿ ಹೇಳಿರ್ಲಿಲ್ಲ."

ತಿಪ್ಪೇರುದ್ರಪ್ಪನವರಿಗೆ ನಗು ಬರಲಿಲ್ಲ. ಐವತ್ತನಾಲ್ಕರ ಈ ವಯಸ್ಸಿಗೆ ನಗುವುದೂ ಅವರಿಗೆ ಒಂದು ಮೆಟ್ಟಿಲು ಹತ್ತಿದಂತೆ ಆಗುತ್ತಿತ್ತು. ಮೂಲೆಯಲ್ಲಿ ಟಿಫಿನ್ ಕ್ಯಾರಿಯರಿನಷ್ಟು ದೊಡ್ಡದೊಂದು ಬೂದು ಪೆಟ್ಟಿಗೆ ಇತ್ತು. ಅದರ ತಲೆಯ ಮೇಲೆ ಒಂದೇ ದೀಪ. ಹನ್ನೊಂದು ವರ್ಷದ ಹಿಂದೆ ಒಂದು ಬ್ಯಾಂಕಿನ ಫೋನು ಖಾದರ್‌ರನ್ನು ಇದೇ ರೀತಿ ಕತ್ತರಿಸಿದ ದಿನ ಅದರ ಕಲ್ಪನೆ ಹುಟ್ಟಿತ್ತು. ಯಂತ್ರಗಳು ಕದಿಯುವುದು ಮಾತನ್ನು ತಾನೇ? ಹಾಗಾದರೆ ಮಾತಿನ ನಡುವೆ ಮಾತಿಲ್ಲದ ಜಾಗ ಯಾರದು? ಮನುಷ್ಯ ತಡವರಿಸುವಾಗ ಸುಮ್ಮನಿರುವುದಿಲ್ಲ. ನಾಲಗೆ ಅಂಗುಳಕ್ಕೆ ಅಂಟಿ ಬಿಡುತ್ತದೆ, ಮೂಗಿನಲ್ಲಿ ಗಾಳಿ ಅರ್ಧ ದಾರಿ ಹೋಗಿ ಹಿಂದಿರುಗುತ್ತದೆ, ಗಂಟಲು ಒಂದು ಪದವನ್ನು ಹಿಡಿದು ಬೇಡವೆಂದು ಇನ್ನೊಂದನ್ನು ಹುಡುಕುತ್ತದೆ. ಈ ಹುಡುಕಾಟದ ಲಯ ಒಬ್ಬರದು ಇನ್ನೊಬ್ಬರಿಗಿಲ್ಲ. ನಕಲು ಯಂತ್ರಗಳು ಆ ಜಾಗದಲ್ಲಿ ಬರೀ ಸೊನ್ನೆ ತುಂಬಿ ಮುಂದೆ ಹೋಗುತ್ತಿದ್ದವು. ಪೆಟ್ಟಿಗೆ ಆ ಸೊನ್ನೆಯನ್ನು ಹಿಡಿಯುತ್ತಿತ್ತು. ಪ್ರಬಂಧಗಳಲ್ಲಿ ಅದರ ಹೆಸರು 'ವಿರಾಮ-೩'. ಖಾದರ್ ಬಾಯಲ್ಲಿ ಬರೀ ಪೆಟ್ಟಿಗೆ.

ಹೋಲಿಸಿ ನೋಡಲೆಂದು ತಿಪ್ಪೇರುದ್ರಪ್ಪ ಆವತ್ತೇ ಖಾದರ್ ಧ್ವನಿಯ ಒಂದು ನಕಲು ಮಾಡಿ, ಹಾಜರಿ ಇಲಾಖೆಯ ಅಭ್ಯಾಸದ ನಂಬರಿಗೆ ಬಿಟ್ಟರು. ನಕಲಿ ಖಾದರ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಾಲ್ಕೇ ಸೆಕೆಂಡಿನಲ್ಲಿ ಹೆಸರು, ಊರು, ಬದುಕು ಎಲ್ಲ ಒಪ್ಪಿಸಿದ. "ಸ್ವಾಗತ, ಅಬ್ದುಲ್ ಖಾದರ್ ಅವರೇ," ಎಂದಿತು ನಂಬರು. ಅದೇ ನಕಲನ್ನು ಪೆಟ್ಟಿಗೆಯ ಮುಂದೆ ಹಿಡಿದರೆ ಕೆಂಪು ದೀಪ.

"ಇವ್ನನ್ನೇ ಕಳಿಸ್ಬಿಡಿ ಸಾರ್ ನನ್ ಬದ್ಲು," ಎಂದರು ಖಾದರ್, ತಮಾಷೆಗೋ ಅಲ್ಲವೋ ತಿಳಿಯದ ಧ್ವನಿಯಲ್ಲಿ. "ತಿಂಗಳಿಗೊಂದ್ಸಲ ನಾಲ್ಕು ಸೆಕೆಂಡು. ನಂಗೂ ಆರಾಮ, ಸರ್ಕಾರಕ್ಕೂ ಆರಾಮ."

"ಅದು... ಏನಂದ್ರೆ ಖಾದರ್... ಅದು..." ತಿಪ್ಪೇರುದ್ರಪ್ಪ ಕನ್ನಡಕ ತೆಗೆದು ಒರೆಸಿದರು. "ಮುಂದೆ ಯಾವತ್ತಾದ್ರೂ ಅದು ನಕಲು ಅಂತ ಸಿಕ್ಕಿಬಿದ್ರೆ, ಆಮೇಲೆ ನೀವು ಎದುರಿಗೆ ಹೋಗಿ ನಿಂತ್ರೂ ನಂಬಲ್ಲ. ನಾಲ್ಕನೇ ಸಲ ಈಗ್ಲೇ ಮಾಡ್ಬೇಡಿ. ಜೂನ್‌ವರೆಗೆ ಟೈಮ್ ಕೊಡಿ. ಪೆಟ್ಟಿಗೆನ ಇಲಾಖೆ ಒಪ್ಕೊಳ್ಳೋ ಹಾಗೆ ಮಾಡೋಣ."

ಪೆಟ್ಟಿಗೆ ಇಲಾಖೆಯವರೆಗೆ ಹೋಗುವುದಕ್ಕೆ ಇದ್ದದ್ದು ಒಂದೇ ದಾರಿ. ಸೈಬರ್ ಭದ್ರತೆಯ ಬಗ್ಗೆ ಮೇಷ್ಟರುಗಳ ತಲೆಯಲ್ಲಿ ಕೊಳೆಯುತ್ತಿರುವ ಐಡಿಯಾಗಳನ್ನು ಮಾರುಕಟ್ಟೆಗೆ ತರಲು ಶುರುವಾದ ಅನುದಾನ ಯೋಜನೆ. ಹೆಸರು 'ಸಂಶೋಧನೆಯಿಂದ ಸಂತೆಗೆ'. ಅದಕ್ಕೆ ಮೂರು ಹಂತ. ಕೊಳ್ಳುವವರು ಯಾರೆಂದು ಹುಡುಕುವುದು ಮೊದಲನೆಯದು, ಕಂಪನಿಯ ಆಕಾರ ಕಟ್ಟುವುದು ಎರಡನೆಯದು, ಬೆಂಗಳೂರಿನಲ್ಲಿ ಸಮಿತಿಯ ಮುಂದೆ ಹತ್ತು ನಿಮಿಷ ನಿಂತು ಗೆಲ್ಲುವುದು ಕೊನೆಯದು. ಕೊನೆಯ ಹಂತ ಗೆದ್ದರೆ ಎರಡು ವರ್ಷಕ್ಕೆ ಹಣ, ಇಲಾಖೆಯ ಬಾಗಿಲು. ಸೋತರೆ ಜೂನ್ ಮೂವತ್ತಕ್ಕೆ ಹದಿನಾಲ್ಕನೇ ಕೋಣೆಯನ್ನು ಕೌಶಲ್ಯ ಕೇಂದ್ರಕ್ಕೆ ಬಿಟ್ಟುಕೊಡಬೇಕೆಂದು ಪ್ರಾಂಶುಪಾಲರು ಮೊದಲೇ ಪತ್ರ ಕೊಟ್ಟಿದ್ದರು. ಅನುದಾನದ ಮಾತು ಬಂದಾಗಲೆಲ್ಲ ಅವರು ಮಂಜೂರು ಮಾಡುತ್ತಿದ್ದುದು ಅನುಮಾನವನ್ನು ಮಾತ್ರ.

ಮನೆಯಲ್ಲಿ ತಿಪ್ಪೇರುದ್ರಪ್ಪನವರ ಹೆಂಡತಿ ಜಲಜಾಕ್ಷಿ ಚಪಾತಿ ಲಟ್ಟಿಸುತ್ತಿದ್ದಳು. ಅವಳು ಹನ್ನೆರಡು ವರ್ಷ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿದವಳು. ಆಮೇಲೆ ಅವಳ ಧ್ವನಿಯನ್ನು ಅಚ್ಚು ಹೊಯ್ದು ಇಟ್ಟುಕೊಂಡು, ಅವಳಿಗೆ ಶಾಲು ಹೊದಿಸಿ ಮನೆಗೆ ಕಳಿಸಿದ್ದರು. "ನನ್ನ ಗಂಟಲಿಗೆ ಇನ್ನೂ ಕೆಲಸ ಇದೆ, ನಂಗಿಲ್ಲ," ಎನ್ನುತ್ತಿದ್ದಳು. ಹಿರಿಯೂರಿಗೆ ಹೋಗಲು ನಿಲ್ದಾಣದಲ್ಲಿ ನಿಂತರೆ ಅವಳದೇ ಧ್ವನಿ ಅವಳಿಗೆ ಬಸ್ಸು ತೋರಿಸುತ್ತಿತ್ತು. ಅದರ ಸೇಡಿಗೋ ಏನೋ, ಊರಿನ ಯಾರ ಧ್ವನಿಯನ್ನೂ ಅವಳು ಅಣಕಿಸದೆ ಬಿಡುತ್ತಿರಲಿಲ್ಲ. ಪ್ರಾಂಶುಪಾಲರು, ಹಾಲಿನವನು, ಓಟು ಕೇಳಲು ಬಂದವರು, ಎಲ್ಲರೂ ಅವಳ ಅಡುಗೆಮನೆಯಲ್ಲಿ ಮಾತಾಡಿ ಹೋದವರೇ. ಪೆಟ್ಟಿಗೆಯನ್ನು ಮೋಸ ಮಾಡುವ ಕೆಲಸಕ್ಕೆ ತಿಪ್ಪೇರುದ್ರಪ್ಪ ವರ್ಷಕ್ಕೆರಡು ಸಲ ಅವಳನ್ನೇ ಲ್ಯಾಬಿಗೆ ಕರೆದೊಯ್ಯುತ್ತಿದ್ದರು. "ಅದು... ಏನಂದ್ರೆ..." ಎಂದು ಅವಳು ಗಂಡನಂತೆ ಶುರುಮಾಡಿದರೆ ಖಾದರ್ ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು. ಪೆಟ್ಟಿಗೆ ಮಾತ್ರ ಪ್ರತಿ ಸಲವೂ ಕೆಂಪು.

"ನಿಮ್ ಮಾತು ನಂಗೆ ಬಾಯಿಪಾಠ ಕಣ್ರೀ," ಎಂದಿದ್ದಳು ಒಮ್ಮೆ. "ಆದ್ರೆ ಮಾತು ಸಿಗ್ದೆ ಇರುವಾಗ ನೀವು ಎಲ್ಲಿಗೆ ಹೋಗಿ ಬರ್ತೀರೋ, ಆ ಜಾಗ ನಂಗೆ ಗೊತ್ತಿಲ್ಲ."

ಫೆಬ್ರವರಿಯಲ್ಲಿ ಯೋಜನೆಯವರು ಮಾರ್ಗದರ್ಶಿಯನ್ನು ಕಳಿಸಿದರು. ಕ್ಯಾರಲ್ ಪಿಂಟೋ, ಮಂಗಳೂರಿನವರು, ಬೆಂಗಳೂರಿನಲ್ಲಿ ವಾಸ. ಒಂಬತ್ತು ಕಾಲೇಜಿನ ಒಂಬತ್ತು ಮೇಷ್ಟರುಗಳನ್ನು ಒಟ್ಟಿಗೆ ತಿದ್ದುತ್ತಿದ್ದುದರಿಂದ ಅವರ ಕಣ್ಣಿನ ಕೆಳಗೆ ಕಪ್ಪಿತ್ತು. ಜಲಜಾಕ್ಷಿ ಅವರನ್ನು ಮಾರ್ಗದರ್ಶಿ ಅನ್ನದೆ 'ಮಾರುಗದರ್ಶಿ' ಅನ್ನುತ್ತಿದ್ದಳು.

"ಸರ್, ಮೊದಲು ಗಿರಾಕಿಯ ನೋವು ಎಂತದು ಅಂತ ತಿಳೀಬೇಕು. ನಲವತ್ತು ಜನರನ್ನು ಕೇಳಿ ಬನ್ನಿ," ಎಂದರು ಕ್ಯಾರಲ್.

ತಿಪ್ಪೇರುದ್ರಪ್ಪ ಬಿಸಿಲಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ, ನರ್ಸಿಂಗ್ ಹೋಮಿನಿಂದ ವಿಮಾ ಕಚೇರಿಗೆ ಅಲೆದರು. "ನಿಮಗೆ ಏನು ನೋವು?" ಎಂದು ಕೇಳಿದಾಗ ಒಬ್ಬ ಮ್ಯಾನೇಜರಮ್ಮ ಸುತ್ತ ನೋಡಿ, ಬಾಗಿಲು ಹಾಕಿಸಿ, "ಎಡಗಡೆ ಮಂಡಿ ಸಾರ್," ಎಂದರು. ಅದನ್ನೂ ಅವರು ನಿಯತ್ತಾಗಿ ಬರೆದುಕೊಂಡರು. ನಲವತ್ತರಲ್ಲಿ ಹನ್ನೊಂದು ಮಂಡಿ, ಆರು ಬೆನ್ನು, ಮಿಕ್ಕವರಿಗೆ ಧ್ವನಿ ಮೋಸ.

ಆಮೇಲೆ ಹತ್ತು ನಿಮಿಷದ ಭಾಷಣದ ಅಭ್ಯಾಸ. ಅದಕ್ಕೆ ಅವರು 'ಪಿಚ್' ಅನ್ನುತ್ತಿದ್ದರು. ಕೇಳಿದರೆ ಮನಸ್ಸು ಪಿಚ್ಚೆನ್ನುತ್ತಿತ್ತು. ಮೊದಲ ದಿನ ಕ್ಯಾರಲ್ ಮೇಜಿನ ಮೇಲೆ ಒಂದು ಸ್ಟೀಲ್ ಬಟ್ಟಲು, ಒಂದು ಚೀಲ ಗೋಲಿ ಇಟ್ಟುಕೊಂಡು ಕೂತರು.

"ನೀವು ಶುರು ಮಾಡಿ ಸರ್."

"ನಮಸ್ಕಾರ. ಅದು... ಏನಂದ್ರೆ..."

ಟಣ್. ಬಟ್ಟಲಿಗೆ ಒಂದು ಗೋಲಿ.

"ನಮ್ಮ ಈ... ಈ ಸಾಧನ..."

ಟಣ್. ಟಣ್.

ಹತ್ತು ನಿಮಿಷಕ್ಕೆ ನಲವತ್ತೊಂದು ಗೋಲಿ. ಕ್ಯಾರಲ್ ಬಟ್ಟಲನ್ನು ಅಲ್ಲಾಡಿಸಿ ತೋರಿಸಿದರು. "ನೋಡಿ, ಇಷ್ಟು ಸಲ ಸಮಿತಿಯವರ ಗಮನ ಕೈಬಿಟ್ಟು ಹೋಯ್ತು. ಮೇಷ್ಟ್ರು ಯೋಚಿಸ್ತಾರೆ, ಮಾರುವವರು ಯೋಚಿಸಿ ಮುಗಿಸಿರ್ತಾರೆ. ನಿಮ್ಮ ಮುಖದಲ್ಲಿ ಸಂಶಯ ಉಂಟಲ್ಲ, ಅದು ಹೋಗ್ಬೇಕು."

ತಿಪ್ಪೇರುದ್ರಪ್ಪನವರಿಗೆ ಸಿಟ್ಟೇನೂ ಬರಲಿಲ್ಲ. ಹೇಳಿದ್ದು ನಿಜವಿರಬೇಕು ಅನ್ನಿಸಿತು. ಹನ್ನೊಂದು ವರ್ಷ ಅವರು ಯೋಚಿಸಿ ಯೋಚಿಸಿ ಖಾದರ್‌ಗೆ ಏನು ಮಾಡಿಕೊಟ್ಟಿದ್ದರು? ವಾರಕ್ಕೆ ಐದು ದಿನ ಕ್ಲಾಸು ಮುಗಿಸಿ, ಬಟ್ಟಲಿನ ಮುಂದೆ ನಿಂತರು. ನಲವತ್ತೊಂದು ಇಪ್ಪತ್ತೇಳಾಯಿತು, ಒಂಬತ್ತಾಯಿತು. ಹಲ್ಲುಜ್ಜುವಾಗಲೂ ಕಿವಿಯಲ್ಲಿ ಟಣ್ ಅನ್ನುತ್ತಿತ್ತು. ಬಾಯಿಗೆ ಬಂದ ಪದವನ್ನು ಅವರು ಈಗ ತೂಗಿ ನೋಡುತ್ತಿರಲಿಲ್ಲ, ಹಾಗೇ ಬಿಡುತ್ತಿದ್ದರು. ಏಪ್ರಿಲ್ ನಡುವಿಗೆ, ಅರವತ್ತೆರಡನೇ ಅಭ್ಯಾಸದಲ್ಲಿ, ಹತ್ತು ನಿಮಿಷ ಮುಗಿದಾಗ ಬಟ್ಟಲು ಖಾಲಿ ಇತ್ತು. ಕ್ಯಾರಲ್ ಎದ್ದು ಚಪ್ಪಾಳೆ ತಟ್ಟಿದರು.

ಭಾಷಣದ ನಡುವೆ ಅವರು ಪೆಟ್ಟಿಗೆಯ ಮುಂದೆ ತಮ್ಮ ಹೆಸರು ಹೇಳಬೇಕು, ಹಸಿರು ದೀಪ ಹತ್ತಬೇಕು. ಅಭ್ಯಾಸಕ್ಕೆ ಪೆಟ್ಟಿಗೆ ಹೊತ್ತು ತಂದು ಜೋಡಿಸುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. "ಅದರ ಫೋಟೋ ಹಾಕಿ ಸರ್, ಸಾಕು," ಎಂದಿದ್ದರು ಕ್ಯಾರಲ್. ಹೀಗಾಗಿ ಅರವತ್ತೆರಡು ಸಲವೂ ಪರದೆಯ ಮೇಲೆ ಹತ್ತಿದ್ದು ಹಸಿರು ದೀಪದ ಚಿತ್ರ. ಪೆಟ್ಟಿಗೆಯಲ್ಲಿ ತಿಪ್ಪೇರುದ್ರಪ್ಪನವರ ತಡವರಿಕೆಯ ಗುರುತನ್ನು ಕೊನೆಯ ಸಲ ತುಂಬಿದ್ದು ಜನವರಿಯಲ್ಲಿ. ಆಮೇಲೆ ಅದರ ಮುಂದೆ ಅವರು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಬೆಂಗಳೂರಿಗೆ ಹೊರಡುವಾಗ ಕ್ಯಾರಲ್ ಅವರ ಕೈಗೆ ಬೆರಳುಗಾತ್ರದ ಒಂದು ಬಟನ್ ಕೊಟ್ಟರು. "ಇದನ್ನು ಜೇಬಲ್ಲಿ ಇಟ್ಕೊಳ್ಳಿ. ನೆಟ್‌ವರ್ಕ್ ಕೈಕೊಟ್ರೆ ಒತ್ತಿ. ದೀಪ ಹಸಿರಾಗ್ತದೆ. ಎಲ್ಲರೂ ಇಟ್ಕೊಳ್ತಾರೆ, ಇದರಲ್ಲಿ ಎಂತ ಮೋಸ ಇಲ್ಲ."

ಸಮಿತಿಯ ಸಭೆಯ ಹಿಂದಿನ ಸಂಜೆ, ಖಾದರ್ ಲಾಡ್ಜಿನ ಮಂಚದ ಮೇಲೆ ಪೆಟ್ಟಿಗೆ ಬಿಚ್ಚಿ ಧೂಳೊರೆಸುತ್ತಿದ್ದಾಗ, ತಿಪ್ಪೇರುದ್ರಪ್ಪ ಮನೆಗೆ ಫೋನು ಮಾಡಿದರು.

"ನಿನ್ನೆ ಏನು ಸಾರು?" ಎಂದಳು ಜಲಜಾಕ್ಷಿ.

"ಹುರುಳಿಕಾಳು ಸಾರು, ಜೊತೆಗೆ ಹಪ್ಪಳ. ಚೆನ್ನಾಗಿದ್ದೇನೆ, ನಾಳೆ ಹನ್ನೊಂದಕ್ಕೆ ನಮ್ಮ ಸರದಿ, ಸಂಜೆ ಬಸ್ಸಿಗೆ ಹೊರಡುತ್ತೇನೆ."

"ಯಾವನೋ ನೀನು?" ಎಂದಳು. "ನಮ್ಮನೆಯವ್ರಿಗೆ ಸಾರು ನೆನಪಾಗೋಕೆ ಅರ್ಧ ನಿಮಿಷ ಬೇಕು. ನಿನ್ನೆದಾ, ಮೊನ್ನೆದಾ ಅಂತ ನನ್ನೇ ವಾಪಸ್ ಕೇಳ್ತಾರೆ. ಇಡು ಫೋನು!"

ತಾನೇ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ತಿಪ್ಪೇರುದ್ರಪ್ಪ ಫೋನನ್ನು ನೋಡಿದರು. ನೆಟ್‌ವರ್ಕ್ ಸರಿಯಿಲ್ಲವೇನೋ ಅಂದುಕೊಂಡು ಮಲಗಿದರು.

ಮರುದಿನ ಸಭಾಂಗಣದಲ್ಲಿ ಇನ್ನೂರು ಜನ, ಮುಂದಿನ ಸಾಲಿನಲ್ಲಿ ಸಮಿತಿಯ ಐವರು. ನಾಲ್ವರು ಬಂಡವಾಳ ಹಾಕುವವರು. ಐದನೆಯವರು ಹಾಜರಿ ಇಲಾಖೆಯ ಜಂಟಿ ನಿರ್ದೇಶಕಿ ಅಂಬುಜಾ ಹಡಪದ. ಬೆಳಗಿನಿಂದ ಆರು ಮೇಷ್ಟರುಗಳನ್ನು ಕೇಳಿ ದಣಿದು, ಗಲ್ಲಕ್ಕೆ ಕೈಯಾನಿಸಿ ಕೂತಿದ್ದರು. ವೇದಿಕೆಯ ಮೇಲೆ ದೊಡ್ಡ ಗಡಿಯಾರ. ಹತ್ತು ನಿಮಿಷ ಮುಗಿದ ಕೂಡಲೇ ಮೈಕು ತಾನಾಗಿಯೇ ಸಾಯುತ್ತಿತ್ತು.

ತಿಪ್ಪೇರುದ್ರಪ್ಪ ನೀರು ಹರಿದಂತೆ ಮಾತಾಡಿದರು. ಎಲ್ಲಿ ನಗಬೇಕೋ ಅಲ್ಲಿ ನಕ್ಕರು, ಎಲ್ಲಿ ಕೈ ಎತ್ತಬೇಕೋ ಅಲ್ಲಿ ಎತ್ತಿದರು. ಹಿಂದಿನ ಸಾಲಿನಲ್ಲಿ ಕ್ಯಾರಲ್ ತುಟಿಯಲ್ಲೇ ಅವರ ಜೊತೆ ಹೇಳುತ್ತಿದ್ದರು. ಏಳನೇ ನಿಮಿಷಕ್ಕೆ ಸರಿಯಾಗಿ ಅವರು ಪೆಟ್ಟಿಗೆಯ ಕಡೆ ತಿರುಗಿದರು.

"ಜಗತ್ತಿನಲ್ಲಿ ಯಾರೂ ಕದಿಯಲಾಗದ ಗುರುತು ಇದು. ನಾನು ಡಾಕ್ಟರ್ ತಿಪ್ಪೇರುದ್ರಪ್ಪ, ಚಿತ್ರದುರ್ಗದವನು."

ಕೆಂಪು.

ಯಾರೋ ಕೆಮ್ಮಿದರು. ಅವರು ಮತ್ತೊಮ್ಮೆ ಹೇಳಿದರು, ಇನ್ನೂ ಸ್ಪಷ್ಟವಾಗಿ, ಇನ್ನೂ ಸಲೀಸಾಗಿ. ಕೆಂಪು. ಪೆಟ್ಟಿಗೆಯ ಹಿಂದಿನ ಪರದೆಯ ಮೇಲೆ ಅಕ್ಷರ ಮೂಡಿತು: ನಕಲು ಧ್ವನಿ. ಸಭಾಂಗಣದ ಹಿಂದಿನಿಂದ ಒಂದು ನಗು ಎದ್ದು ಮುಂದಿನ ಸಾಲಿನವರೆಗೂ ಉರುಳಿ ಬಂತು.

ಅವರ ಕೈ ಜೇಬಿನಲ್ಲಿತ್ತು. ಬಟನ್ ಬೆರಳಿಗೆ ತಣ್ಣಗೆ ತಗಲುತ್ತಿತ್ತು. ಒತ್ತಿದರೆ ಮುಗಿಯಿತು, ಹದಿನಾಲ್ಕನೇ ಕೋಣೆ ಉಳಿಯುತ್ತದೆ, ಜೂನ್‌ನೊಳಗೆ ಇಲಾಖೆಯ ಬಾಗಿಲು ತೆರೆಯುತ್ತದೆ, ಖಾದರ್‌ಗೆ ಬೆಂಗಳೂರಿನ ಮೂರು ಕೌಂಟರು ತಪ್ಪುತ್ತವೆ. ಹಿಂದಿನಿಂದ ಕ್ಯಾರಲ್ ಹೆಬ್ಬೆರಳು ಆಡಿಸಿ ಸನ್ನೆ ಮಾಡುತ್ತಿದ್ದರು. ಆಗ ಹಿಂದಿನ ಸಂಜೆಯ ಫೋನು ನೆನಪಾಯಿತು. ಯಾವನೋ ನೀನು, ಅಂದಿದ್ದಳು ಜಲಜಾಕ್ಷಿ. ಇಪ್ಪತ್ತೇಳು ವರ್ಷ ಕೂಡಿ ಉಂಡವಳೂ, ಹನ್ನೊಂದು ವರ್ಷ ಕೂಡಿ ದುಡಿದ ಪೆಟ್ಟಿಗೆಯೂ ಒಂದೇ ಮಾತು ಹೇಳುತ್ತಿದ್ದವು. ಅರವತ್ತೆರಡು ಅಭ್ಯಾಸ ಮಾಡಿ ಅವರು ನಯವಾಗಿ ಒರೆಸಿ ಹಾಕಿದ್ದು, ಪೆಟ್ಟಿಗೆ ಹುಡುಕುತ್ತಿದ್ದ ವಸ್ತುವನ್ನೇ.

ಅವರು ಕೈಯನ್ನು ಜೇಬಿನಿಂದ ಹೊರತೆಗೆದರು. ಖಾಲಿ ಕೈ.

"ಪೆಟ್ಟಿಗೆ ಸರಿಯಾಗೇ ಹೇಳಿದೆ," ಎಂದರು. ಮುಂದಿನ ಮಾತು ಅಭ್ಯಾಸದಲ್ಲಿ ಇರಲಿಲ್ಲ. ಗಡಿಯಾರ ಒಂಬತ್ತೂವರೆ ನಿಮಿಷ ತೋರಿಸಿತು.

ವೇದಿಕೆಯ ಮಗ್ಗುಲಲ್ಲಿ ವೈರು ಹಿಡಿದು ನಿಂತಿದ್ದ ಖಾದರ್‌ರನ್ನು ಯಾರೂ ಕರೆದಿರಲಿಲ್ಲ. ವೈರನ್ನು ಕೆಳಗಿಟ್ಟು ಅವರೇ ಬಂದರು. "ಸಾರ್, ಒಂಚೂರು ಸರೀರಿ," ಎಂದು ಮೈಕಿನ ಮುಂದೆ ನಿಂತರು. ಮೂವತ್ತೊಂದು ವರ್ಷದಲ್ಲಿ ಅವರು ವೇದಿಕೆಗೆ ಕುರ್ಚಿ ತಂದಿದ್ದರು, ಹೂಗುಚ್ಛ ತಂದಿದ್ದರು, ತಮ್ಮ ಹೆಸರನ್ನು ತಂದಿರಲಿಲ್ಲ.

"ನಾನು..."

ನಿಂತಿತು.

ಇನ್ನೂರು ಜನ ಕಾದರು. ಒಂದು, ಎರಡು, ಮೂರು. ಖಾದರ್ ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ತುಟಿ ಕೂಡಿ ಬಿಟ್ಟಿತು. ಮುಂದಿನ ಸಾಲಿನ ಒಬ್ಬಾತ ನಾಚಿಕೆಯಿಂದ ಫೋನಿನತ್ತ ಕಣ್ಣು ತಗ್ಗಿಸಿದ. ನಾಲ್ಕು, ಐದು. ಆರನೇ ಸೆಕೆಂಡಿಗೆ, ಹೆಸರಿನ ಮೊದಲ ಅಕ್ಷರವೂ ಹುಟ್ಟುವ ಮುಂಚೆ, ದೀಪ ಹಸಿರಾಯಿತು.

ಒಂಬತ್ತನೇ ಸೆಕೆಂಡಿಗೆ ಹೆಸರು ಬಂತು. ಆಮೇಲೆ ಊರು ಬಂತು. ಬದುಕಿದ್ದೇನೆ ಅನ್ನುವ ಮಾತಿಗೆ ಸರಿಯಾಗಿ ಹತ್ತು ನಿಮಿಷ ಮುಗಿದು ಮೈಕು ಸತ್ತಿತು.

"ಒಂದು ನಿಮಿಷ," ಎಂದರು ಅಂಬುಜಾ ಹಡಪದ. ಬೆಳಗಿನಿಂದ ಅವರು ಆಡಿದ ಮೊದಲ ಮಾತು. "ಇವ್ರು ಇನ್ನೂ ಹೆಸರೇ ಹೇಳಿರ್ಲಿಲ್ಲ, ಆಗ್ಲೇ ಹಸಿರು ಬಂತು. ಅದು ತಪ್ಪಲ್ವಾ?"

ತಿಪ್ಪೇರುದ್ರಪ್ಪ ಉತ್ತರ ಹುಡುಕುವಷ್ಟರಲ್ಲಿ ಖಾದರ್ ಹೇಳಿಬಿಟ್ಟರು. ಮೈಕಿಲ್ಲದ್ದರಿಂದ ಮೊದಲೆರಡು ಸಾಲಿಗೆ ಮಾತ್ರ ಕೇಳಿತು.

"ಹೆಸರು ಯಾರು ಬೇಕಾದ್ರೂ ಹೇಳ್ತಾರೆ ಮೇಡಂ. ಅದಕ್ಕೆ ಮುಂಚೆ ಒದ್ದಾಡೋದು ನಾನೊಬ್ನೇ."

ಸಂಜೆ ಬಸ್ಸಿನಲ್ಲಿ ಇಬ್ಬರೂ ಊರಿಗೆ ಹೊರಟರು. ಪೆಟ್ಟಿಗೆ ಖಾದರ್ ತೊಡೆಯ ಮೇಲಿತ್ತು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು, ತಿರುಗುವುದಕ್ಕೂ ಬೇಸರವಾದಂತೆ, ನಿಧಾನಕ್ಕೆ ರೆಕ್ಕೆ ಎಳೆಯುತ್ತಿದ್ದವು. ನಿಲ್ದಾಣದಲ್ಲಿ ಇಳಿದಾಗ ಮೇಲಿನಿಂದ ಜಲಜಾಕ್ಷಿಯ ಧ್ವನಿ ಅವರನ್ನು ಸ್ವಾಗತಿಸಿತು. "ಪ್ರಯಾಣಿಕರ ಗಮನಕ್ಕೆ..." ಹದಿನೈದು ವರ್ಷ ಹಳೆಯ ಧ್ವನಿ, ಒಂದು ದಿನವೂ ನೆಗಡಿಯಾಗದ್ದು.

ಮನೆಯಲ್ಲಿ ನಿಜವಾದ ಜಲಜಾಕ್ಷಿ ಬಾಗಿಲು ತೆಗೆದು ಗಂಡನ ಮುಖ ನೋಡಿದಳು. "ನಿನ್ನೆ ಫೋನು ಮಾಡಿದ್ದು ನೀವೇನಾ?"

"ನಾನೇ."

"ಛೆ," ಎಂದಳು. ಅವರ ಕೈಚೀಲ ತೆಗೆದುಕೊಳ್ಳುತ್ತಾ, "ನೀವಲ್ಲ ಬಿಡಿ," ಎಂದಳು.

ಮೇ ಎರಡನೇ ವಾರ ಸಮಿತಿಯ ಪತ್ರ ಬಂತು. ತನ್ನ ಸಂಸ್ಥಾಪಕರನ್ನೇ ಗುರುತಿಸಲು ವಿಫಲವಾದ ಉತ್ಪನ್ನ ಮಾರುಕಟ್ಟೆಗೆ ಸಿದ್ಧವಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಿದ್ದರು. ಕ್ಯಾರಲ್ ಫೋನು ಮಾಡಿದರು. "ನನ್ನ ಗೋಲಿಗಳೇ ಕೆಲಸ ಕೆಡಿಸಿದ್ದು ಸರ್," ಎಂದು ಬಹಳ ಹೊತ್ತು ಸುಮ್ಮನಿದ್ದರು. ಆ ಮೌನವನ್ನು ಪೆಟ್ಟಿಗೆಗೆ ಕೇಳಿಸಿದ್ದರೆ ಹಸಿರು ಬರುತ್ತಿತ್ತು ಅನ್ನಿಸಿತು ತಿಪ್ಪೇರುದ್ರಪ್ಪನವರಿಗೆ. ಜೂನ್ ಕೊನೆಗೆ ಹದಿನಾಲ್ಕನೇ ಕೋಣೆ ಹೋಯಿತು. ಖಾದರ್‌ಗೆ ಒಂದು ಗೋಡೆ ಗಡಿಯಾರ, ಒಂದು ಶಾಲು ಸಿಕ್ಕವು. ಪೆಟ್ಟಿಗೆ ಮನೆಯಲ್ಲಿ ಮಂಚದ ಕೆಳಗೆ ಸೇರಿತು.

ಇನ್ನೊಂದು ಪತ್ರ ಅಂಬುಜಾ ಹಡಪದರಿಂದ ಬಂದದ್ದು ಅದರ ಮರುವಾರ. ಹಾಜರಿಯಲ್ಲಿ ಮೂರು ಸಲ ತಪ್ಪಿದವರು ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದಾರೆ. ಪ್ರತಿ ಸೋಮವಾರ ಚಿತ್ರದುರ್ಗದ ಹಾಜರಿ ಕೇಂದ್ರದಲ್ಲಿ ಪ್ರಯೋಗಾರ್ಥವಾಗಿ ತಮ್ಮ ಸಾಧನವನ್ನಿಟ್ಟು ಪರೀಕ್ಷಿಸಬಹುದು. ಹಸಿರು ಬಂದವರ ಹಾಜರಿಯನ್ನು ಒಪ್ಪಲಾಗುವುದು. ಯಾವುದೇ ಸಂಭಾವನೆ ಇರುವುದಿಲ್ಲ. ಕೆಳಗೆ ಕೈಬರಹದಲ್ಲಿ ಒಂದು ಸಾಲು: "ಟೇಬಲ್ ಕೊಡುತ್ತೇವೆ. ಕುರ್ಚಿ ನೀವೇ ತನ್ನಿ."

ಸಂಶೋಧನೆಯಿಂದ ಸಂತೆಗೆ ಹೊರಟ ಪೆಟ್ಟಿಗೆ ಕೊನೆಗೆ ಸರತಿಯ ಸಾಲಿಗೆ ಬಂದು ಕೂತಿತು.

ಜುಲೈ ಮೂರನೇ ಸೋಮವಾರ ಮೊದಲಿಗೆ ನಿಂತವರು ಖಾದರ್. ಆರನೇ ಸೆಕೆಂಡಿಗೆ ಹಸಿರು. ಗುಮಾಸ್ತ ಮೊಹರು ಒತ್ತಿದ. ಖಾದರ್ ಆ ಕಾಗದವನ್ನು ಊದಿ ಒಣಗಿಸಿ ಮಡಿಚಿಟ್ಟುಕೊಂಡರು. ಆಮೇಲೆ ಮನೆಗೆ ಹೋಗದೆ ಟೇಬಲ್ಲಿನ ಪಕ್ಕವೇ ನಿಂತು, ಬಂದವರನ್ನು ಒಬ್ಬೊಬ್ಬರಾಗಿ ಮೈಕಿನ ಮುಂದೆ ಕೂರಿಸತೊಡಗಿದರು. ಲಕ್ವ ಹೊಡೆದವರು ಬಂದರು, ಹಲ್ಲುಸೆಟ್ಟು ಮರೆತು ಬಂದ ಅಜ್ಜಿ ಬಂದಳು. ಗಂಡ ತೀರಿಕೊಂಡ ಮೇಲೆ 'ಬದುಕಿದ್ದೇನೆ' ಅನ್ನುವ ಪದಕ್ಕೆ ಬಂದಾಗಲೆಲ್ಲ ನಿಂತುಬಿಡುವ ಹೊಳಲ್ಕೆರೆಯ ಹೆಂಗಸೊಬ್ಬಳು ಬಂದಳು. ಒಬ್ಬೊಬ್ಬರ ತಡವರಿಕೆಯ ಗುರುತನ್ನು ಪೆಟ್ಟಿಗೆಗೆ ತುಂಬಲು ಕಾಲು ಗಂಟೆ. ದಿನಕ್ಕೆ ಇಪ್ಪತ್ತೈದು ಜನ ಮುಗಿದರೆ ಹೆಚ್ಚು. ಎರಡು ಸಾವಿರಕ್ಕೆ ಎಷ್ಟು ಸೋಮವಾರ ಬೇಕೆಂದು ತಿಪ್ಪೇರುದ್ರಪ್ಪ ಒಮ್ಮೆ ಲೆಕ್ಕ ಹಾಕಿ, ಆಮೇಲೆ ಹಾಕುವುದನ್ನು ಬಿಟ್ಟರು.

ಬಾಗಿಲು ತೆರೆಯುವ ಮುಂಚೆ ಪ್ರತಿ ವಾರ ಅವರೂ ಪೆಟ್ಟಿಗೆಯ ಮುಂದೆ ಹೆಸರು ಹೇಳಿ ನೋಡುತ್ತಿದ್ದರು. ಜನವರಿಯ ಗುರುತನ್ನು ಅಳಿಸಿ ಹೊಸದನ್ನು ತುಂಬಬಹುದಿತ್ತು, ಮನಸ್ಸಾಗಲಿಲ್ಲ. ಕೆಂಪು. "ನೀವಿನ್ನೂ ಊರಿಗೆ ಬಂದಿಲ್ಲ ಸಾರ್," ಎನ್ನುತ್ತಿದ್ದರು ಖಾದರ್.

ಸೆಪ್ಟೆಂಬರಿನ ಒಂದು ಸೋಮವಾರ ಜಲಜಾಕ್ಷಿ ಊಟದ ಡಬ್ಬಿ ಹಿಡಿದು ಬಂದಳು. ಸಾಲು ಗೇಟಿನವರೆಗೂ ಇತ್ತು. ಫ್ಯಾನು ಇದ್ದೂ ಇಲ್ಲದಂತೆ ತಿರುಗುತ್ತಿತ್ತು. ಅವಳು ಡಬ್ಬಿಯನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟು, ಗಂಡನ ಬೆವರಿದ ಅಂಗಿ ನೋಡಿ, "ಕಾಲೇಜಲ್ಲಿ ದುಡಿದದ್ದು ಸಾಲ್ದು ಅಂತ ಇದೊಂದು ಬೇರೆ," ಎಂದಳು. "ನಿಜ ಹೇಳ್ರೀ. ಸೋತ ಮೇಲೂ ಈ ಪುಕ್ಕಟೆ ಕೆಲ್ಸ ಯಾಕೆ ಒಪ್ಕೊಂಡ್ರಿ?"

ತಿಪ್ಪೇರುದ್ರಪ್ಪ ಕನ್ನಡಕ ತೆಗೆದರು. ಈ ಪ್ರಶ್ನೆಗೆ ಕ್ಯಾರಲ್ ಅಭ್ಯಾಸ ಮಾಡಿಸಿರಲಿಲ್ಲ. ಖಾದರ್‌ಗಾಗಿ ಅನ್ನಬಹುದಿತ್ತು, ಆದರೆ ಖಾದರ್ ಕೆಲಸ ಜುಲೈಯಲ್ಲೇ ಮುಗಿದಿತ್ತು. ವಿಜ್ಞಾನಕ್ಕಾಗಿ ಎಂದರೆ ಇವಳು ನಗುತ್ತಾಳೆ. ಸಾಲಿನಲ್ಲಿ ಈ ತಿಂಗಳ ಹಾಜರಿಗೆ ಬಂದಿದ್ದ ಹೊಳಲ್ಕೆರೆಯ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳನ್ನು ನೋಡಿದರು.

"ಅದು..." ಎಂದರು.

ನಾಲಗೆ ಒಂದು ಪದವನ್ನು ಎತ್ತಿ, ಬೇಡವೆಂದು ಇಟ್ಟಿತು. ಕನ್ನಡಕದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. ಜಲಜಾಕ್ಷಿ ಕಾಯುತ್ತಿದ್ದಳು.

"ಅದು... ಏನಂದ್ರೆ..."

"ಸಾರ್," ಎಂದರು ಖಾದರ್ ಮೆಲ್ಲಗೆ. "ಪೆಟ್ಟಿಗೆ ನೋಡಿ."

ಬೆಳಗಿನಿಂದ ಮೈಕು ತೆರೆದೇ ಇತ್ತು. ಡಬ್ಬಿಯ ಪಕ್ಕದಲ್ಲಿ, ಬೂದು ಪೆಟ್ಟಿಗೆಯ ತಲೆಯ ಮೇಲೆ, ದೀಪ ಹಸಿರಾಗಿತ್ತು.

ಜಲಜಾಕ್ಷಿ ದೀಪವನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹದಿನೈದು ವರ್ಷದಿಂದ ಬೇರೆಯವರ ಕೈಯಲ್ಲಿದ್ದ ತನ್ನ ಧ್ವನಿಯನ್ನು ಕೇಂದ್ರದ ಆ ಗದ್ದಲದಲ್ಲಿ ಸ್ವಂತ ಗಂಟಲಿನಿಂದ ಹೊರಡಿಸಿದಳು. ಅದು ಈಗ ಸ್ವಲ್ಪ ಒಡೆದಿತ್ತು.

"ಪ್ರಯಾಣಿಕರ ಗಮನಕ್ಕೆ. ಫೆಬ್ರವರಿಯಲ್ಲಿ ಮನೆ ಬಿಟ್ಟಿದ್ದ ಶ್ರೀ ತಿಪ್ಪೇರುದ್ರಪ್ಪನವರು ತಡವಾಗಿ... ತಡವಾಗಿ ಬಂದು ಸೇರಿದ್ದಾರೆ."

ಸಾಲಿನಲ್ಲಿದ್ದವರು ಏನೂ ತಿಳಿಯದಿದ್ದರೂ ನಕ್ಕರು. ತಿಪ್ಪೇರುದ್ರಪ್ಪ ಕನ್ನಡಕ ಹಾಕಿಕೊಂಡು ಮೈಕನ್ನು ಮುಂದಕ್ಕೆ ಸರಿಸಿದರು. ಹೊಳಲ್ಕೆರೆಯ ಹೆಂಗಸು ಬಂದು ಕೂತಳು. ಹೆಸರು ಹೇಳಿದಳು, ಊರು ಹೇಳಿದಳು, ಮುಂದಿನ ಪದದ ಹತ್ತಿರ ಬಂದು ನಿಂತಳು.

"ನಿಧಾನ ಹೇಳಮ್ಮಾ," ಎಂದು ಅವರು ಕಾಯುತ್ತಾ ಕೂತರು.